ಅಲೆಗಳ ಮೇಲೆ ಮೊದಲ ಮಾತು

2004ನೆಯ ಇಸವಿಯ ಡಿಸೆಂಬರ್ 26ರ ಮುಂಜಾನೆ. ಸುಮಾತ್ರಾ ದ್ವೀಪದ ಸಮೀಪದಲ್ಲಿ ಕಡಲಿನ ತಳ ನಡುಗಿತು. ಆ ಭೂಕಂಪದಿಂದ ಎದ್ದ ಸುನಾಮಿ ಅಲೆಗಳು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಮೇಲೆ ಎರಗಿದವು. ಮನೆಗಳು ಕೊಚ್ಚಿಹೋದವು, ಟೆಲಿಫೋನ್ ಸಂಪರ್ಕ ಕಡಿದುಹೋಯಿತು. ದ್ವೀಪಗಳಲ್ಲಿ ಯಾರು ಉಳಿದರು, ಯಾರು ಅಳಿದರು ಎಂಬುದನ್ನು ಅರಿಯಲು ದೂರದಲ್ಲಿದ್ದ ಬಂಧುಗಳಿಗೆ ದಾರಿಯೇ ಇಲ್ಲದಂತಾಯಿತು. ಆ ಸಮಯದಲ್ಲಿ ಪೋರ್ಟ್ ಬ್ಲೇರ್ ಪಟ್ಟಣದಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆಯೂ ಅವರ ಸಂಗಡಿಗರೂ ಇದ್ದರು. ಅವರು ಸೈನಿಕರಲ್ಲ, ಟೆಲಿಫೋನ್ ಇಲಾಖೆಯ ನೌಕರರೂ ಅಲ್ಲ. ಹವ್ಯಾಸಕ್ಕಾಗಿ ರೇಡಿಯೋ ಕೇಂದ್ರವನ್ನು ನಡೆಸುವವರು. ಪ್ರಪಂಚದ ಇತರ ಹವ್ಯಾಸಿಗಳೊಡನೆ ಸಂಪರ್ಕ ಬೆಳೆಸುವ ಉದ್ದೇಶದಿಂದ ಅವರು ಅದೇ ತಿಂಗಳು ಅಲ್ಲಿ ತಮ್ಮ ಯಂತ್ರಗಳನ್ನು ಹೂಡಿದ್ದರು. ವಿಪತ್ತು ಸಂಭವಿಸಿದೊಡನೆ ಅವರು ವಿನೋದದ ಸಂಭಾಷಣೆಯನ್ನು ನಿಲ್ಲಿಸಿದರು. ಅದೇ ಯಂತ್ರಗಳು ಬದುಕುಳಿದವರ ಕ್ಷೇಮಸಮಾಚಾರವನ್ನು ಕಡಲಾಚೆಗೆ ಮುಟ್ಟಿಸುವ ಸಾಧನಗಳಾದವು.

ಈ ಕೆಲಸವು ಅವರಿಗೆ ಹೇಗೆ ಸಾಧ್ಯವಾಯಿತು? ಯಂತ್ರವಿದ್ದ ಮಾತ್ರಕ್ಕೆ ಸಾಧ್ಯವಾಗಲಿಲ್ಲ. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತಿನಂತೆ ಅವರು ಅಂದು ಕಲಿಯತೊಡಗಿದ್ದರೆ ಯಾರಿಗೂ ಪ್ರಯೋಜನವಾಗುತ್ತಿರಲಿಲ್ಲ. ಕ್ಷೀಣವಾದ ಧ್ವನಿಯನ್ನು ಗದ್ದಲದ ನಡುವೆ ಗುರುತಿಸುವುದು, ಹೇಳಬೇಕಾದುದನ್ನು ಕೆಲವೇ ಮಾತುಗಳಲ್ಲಿ ಹೇಳುವುದು, ಹೆಸರನ್ನೂ ಸಂಖ್ಯೆಯನ್ನೂ ತಪ್ಪಿಲ್ಲದೆ ಬರೆದುಕೊಳ್ಳುವುದು, ಇವೆಲ್ಲ ಹಲವು ವರ್ಷಗಳ ಸಾಮಾನ್ಯ ದಿನಗಳಲ್ಲಿ ಕೈಗೂಡಿದ ಅಭ್ಯಾಸಗಳು. ನುರಿತ ಚಾಲಕರೆಲ್ಲರೂ ಒಂದು ಕಾಲದಲ್ಲಿ ಹೊಸಬರೇ. ಮೈಕಿನ ಗುಂಡಿಯನ್ನು ಮೊದಲ ಸಲ ಒತ್ತುವಾಗ ಅವರ ಕೈಗಳೂ ನಡುಗಿದ್ದುಂಟು.

ಇಂಥ ಹವ್ಯಾಸಿಗಳನ್ನು ಲೋಕವೆಲ್ಲ ‘ಹ್ಯಾಮ್’ ಎಂಬ ಪುಟ್ಟ ಹೆಸರಿನಿಂದ ಕರೆಯುತ್ತದೆ. ಆಕಾಶವಾಣಿಯಲ್ಲಿ ಒಬ್ಬರು ನುಡಿದರೆ ಲಕ್ಷಾಂತರ ಜನ ಕೇಳುತ್ತಾರೆ, ಕೇಳಿದವರು ಮರುನುಡಿಯುವಂತಿಲ್ಲ. ಹ್ಯಾಮ್ ರೇಡಿಯೋದಲ್ಲಿ ಹಾಗಲ್ಲ. ಇಲ್ಲಿ ಪ್ರತಿಯೊಬ್ಬರ ಬಳಿಯಲ್ಲಿಯೂ ಅಲೆಗಳನ್ನು ಕಳುಹಿಸುವ ಪ್ರೇಷಕವೂ ಬಂದ ಅಲೆಗಳನ್ನು ಹಿಡಿಯುವ ಗ್ರಾಹಕವೂ ಇರುತ್ತವೆ. ಮಾತಿಗೆ ಮಾತು ಕೂಡುತ್ತದೆ. ಇದರಿಂದ ಹಣ ಗಳಿಸುವಂತಿಲ್ಲ. ವ್ಯಾಪಾರದ ಮಾತು, ಸಂಗೀತದ ಪ್ರಸಾರ, ಗುಟ್ಟಿನ ಸಂಕೇತಭಾಷೆ ಇವು ನಿಷಿದ್ಧ. ಕಲಿಯುವುದು, ಪ್ರಯೋಗ ಮಾಡುವುದು, ಸ್ನೇಹ ಬೆಳೆಸುವುದು, ಅಗತ್ಯ ಬಿದ್ದಾಗ ನೆರವಾಗುವುದು ಇದರ ಉದ್ದೇಶ.

ಈ ಹವ್ಯಾಸದ ಇತಿಹಾಸವೂ ಸ್ವಾರಸ್ಯಕರವಾದುದು. 1901ರಲ್ಲಿ ಮಾರ್ಕೋನಿಯು ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದ ಸಂಕೇತವನ್ನು ಆಲಿಸಿದ ಮೇಲೆ ದೂರದ ಸಂಪರ್ಕಕ್ಕೆ ಉದ್ದವಾದ ಅಲೆಗಳೇ ಬೇಕೆಂದು ತಜ್ಞರು ಭಾವಿಸಿದ್ದರು. 1912ರಲ್ಲಿ ಅಮೆರಿಕದ ಸರ್ಕಾರವು ಕಾನೂನೊಂದನ್ನು ಮಾಡಿ, 200 ಮೀಟರಿಗಿಂತ ಗಿಡ್ಡವಾದ ಅಲೆಗಳನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿತು. ಅವು ನಿರುಪಯುಕ್ತವೆಂಬುದು ಆಗಿನ ನಂಬಿಕೆ. ಆದರೆ ಹವ್ಯಾಸಿಗಳು ಎದೆಗುಂದಲಿಲ್ಲ. 1923ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಹವ್ಯಾಸಿಗಳು ಫ್ರಾನ್ಸಿನ ಲಿಯೋನ್ ಡೆಲಾಯ್ ಎಂಬ ಹವ್ಯಾಸಿಯೊಡನೆ ಸುಮಾರು 110 ಮೀಟರ್ ಉದ್ದದ ಅಲೆಗಳಲ್ಲಿಯೇ ಸಾಗರದ ಮೇಲಿಂದ ಸಂಭಾಷಿಸಿದರು. ಬೇಡವೆಂದು ಬಿಸುಟ ಕಲ್ಲೇ ರತ್ನವಾಯಿತು. ಭಾರತದಲ್ಲಿ 1921ರಲ್ಲಿ ಅಮರೇಂದ್ರಚಂದ್ರ ಗೂಪ್ತು ಅವರು ಈ ಹವ್ಯಾಸಕ್ಕೆ ನಾಂದಿ ಹಾಡಿದರು.

ರೇಡಿಯೋ ಅಲೆಗಳು ಯಾವ ಗಡಿಯನ್ನೂ ಅರಿಯವು. ಆದುದರಿಂದ ಮನಬಂದಂತೆ ಪ್ರಸಾರ ಮಾಡಲು ಯಾವ ದೇಶದಲ್ಲಿಯೂ ಅನುಮತಿಯಿಲ್ಲ. ಭಾರತದಲ್ಲಿ ಕೇಂದ್ರ ಸರ್ಕಾರದ ಸಂಪರ್ಕ ಸಚಿವಾಲಯವು ಪರೀಕ್ಷೆಯನ್ನು ನಡೆಸಿ ಪರವಾನಗಿಯನ್ನು ಕೊಡುತ್ತದೆ. ವಿದ್ಯುತ್ತು ಮತ್ತು ರೇಡಿಯೋ ವಿಜ್ಞಾನದ ಮೂಲತತ್ವಗಳು, ಪಾಲಿಸಬೇಕಾದ ನಿಯಮಗಳು ಇವು ಪರೀಕ್ಷೆಯ ವಿಷಯಗಳು. ಪ್ರೌಢಶಾಲೆಯ ವಿದ್ಯಾರ್ಥಿಗಳೂ ಇದರಲ್ಲಿ ತೇರ್ಗಡೆಯಾಗಿದ್ದಾರೆ. ತೇರ್ಗಡೆಯಾಗಿ ಪರವಾನಗಿ ಪಡೆದವರಿಗೆ ಒಂದು ಕರೆಸಂಕೇತ ದೊರೆಯುತ್ತದೆ. ಭಾರತದ ಹವ್ಯಾಸಿಗಳ ಕರೆಸಂಕೇತ ‘ವಿಯು’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಒಬ್ಬರ ಸಂಕೇತ ಇನ್ನೊಬ್ಬರಿಗೆ ಇರದು. ಅದು ಅಲೆಗಳ ಲೋಕದಲ್ಲಿ ಆತನ ಎರಡನೆಯ ನಾಮಕರಣ.

ಪರವಾನಗಿಯು ಬಂದ ದಿನ ಮನೆಯಲ್ಲಿ ಹಬ್ಬದ ಸಂಭ್ರಮ. ಆದರೆ ಎಷ್ಟೋ ಮಂದಿಯ ವಿಷಯದಲ್ಲಿ ಕಥೆ ಅಲ್ಲಿಯೇ ಮುಗಿದುಬಿಡುತ್ತದೆ. ಪರವಾನಗಿಯು ಗೋಡೆಗೆ ಏರುತ್ತದೆ. ಧ್ವನಿಯು ಅಲೆಗಳಿಗೆ ಏರುವುದಿಲ್ಲ. ಬೆಲೆಬಾಳುವ ಯಂತ್ರವಿಲ್ಲದೆ ಏನೂ ಆಗದೆಂಬ ತಪ್ಪುಗ್ರಹಿಕೆ ಇದಕ್ಕೆ ಒಂದು ಕಾರಣ. ಬಾಯಿ ಬಿಟ್ಟರೆ ಬಣ್ಣಗೇಡಾದೀತೆಂಬ ಸಂಕೋಚ ಇನ್ನೊಂದು ಕಾರಣ. ಇವೆರಡಕ್ಕಿಂತ ದೊಡ್ಡ ಕಾರಣವೆಂದರೆ ಕೈಹಿಡಿದು ನಡೆಸುವ ಹಿರಿಯರು ಸಿಗದಿರುವುದು. ಪರೀಕ್ಷೆಯು ಪುಸ್ತಕದ ವಿದ್ಯೆಯನ್ನು ಅಳೆಯಬಲ್ಲದು, ಧೈರ್ಯವನ್ನು ಕೊಡಲಾರದು.

ಹೊಸಬರಿಗೆ ದಾರಿ ತೋರುವ ಹಿರಿಯ ಹವ್ಯಾಸಿಯನ್ನು ಅಮೆರಿಕದಲ್ಲಿ ‘ಎಲ್ಮರ್’ ಎಂದು ಕರೆಯುವುದುಂಟು. ಎಲ್ಮರ್ ಎಂಬುದು ಅನೇಕ ಕಿರಿಯರಿಗೆ ಈ ವಿದ್ಯೆಯನ್ನು ಕಲಿಸಿದ ಒಬ್ಬ ವ್ಯಕ್ತಿಯ ಹೆಸರು. 1971ರಲ್ಲಿ ಅಲ್ಲಿಯ ಹವ್ಯಾಸಿಗಳ ಪತ್ರಿಕೆಯೊಂದು ಅವರನ್ನು ಕೃತಜ್ಞತೆಯಿಂದ ನೆನೆಯಿತು. ಅಂದಿನಿಂದ ಒಬ್ಬರ ಹೆಸರು ಅಂಥವರೆಲ್ಲರ ಹೆಸರಾಯಿತು. ಸಂಗೀತಕ್ಕೆ ಗುರುವಿರುವಂತೆ ಈ ಹವ್ಯಾಸಕ್ಕೂ ಗುರುವೊಬ್ಬರು ಬೇಕು. ಅವರನ್ನು ಹುಡುಕಲು ಹವ್ಯಾಸಿಗಳ ಸಂಘಗಳೇ ಸರಿಯಾದ ಸ್ಥಳ. ಬೆಂಗಳೂರಿನಲ್ಲಿ ಇಂಥ ಸಂಘಗಳು ಬಹುಕಾಲದಿಂದ ಕೆಲಸ ಮಾಡುತ್ತಿವೆ.

ಇಂಥ ಹಿರಿಯರು ಹೊಸಬನಿಗೆ ಹೇಳುವ ಮೊದಲ ಪಾಠ ‘ಮಾತನಾಡು’ ಎಂದಲ್ಲ, ‘ಆಲಿಸು’ ಎಂದು. ಮಗುವು ತಿಂಗಳುಗಟ್ಟಲೆ ತಾಯಿಯ ಮಾತನ್ನು ಕೇಳಿದ ಮೇಲೆ ತಾನೇ ತೊದಲತೊಡಗುವುದು? ಆಲಿಸುವುದಕ್ಕೆ ಪರವಾನಗಿ ಬರುವವರೆಗೆ ಕಾಯಬೇಕಾಗಿಲ್ಲ. ಕೆಲವು ವಾರ ದಿನಕ್ಕೆ ಅರ್ಧ ಗಂಟೆ ಆಲಿಸಿದರೆ ಸಂಭಾಷಣೆ ಹೇಗೆ ಆರಂಭವಾಗುತ್ತದೆ, ಸರದಿ ಹೇಗೆ ಬದಲಾಗುತ್ತದೆ, ಹೇಗೆ ಬೀಳ್ಕೊಳ್ಳುತ್ತಾರೆ ಎಂಬುದೆಲ್ಲ ತಾನಾಗಿಯೇ ಮನಸ್ಸಿಗೆ ಇಳಿಯುತ್ತದೆ.

ಆಲಿಸಿದಾಗ ಇನ್ನೊಂದು ಸೋಜಿಗವೂ ತಿಳಿದುಬರುತ್ತದೆ. ಹಗಲಿನಲ್ಲಿ ನೆರೆಯ ಜಿಲ್ಲೆಗಳ ಧ್ವನಿಗಳು ಕೇಳಿಬರುತ್ತಿದ್ದ 7 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ರಾತ್ರಿಯಾದ ಮೇಲೆ ಸಾವಿರಾರು ಕಿಲೋಮೀಟರ್ ದೂರದ ಧ್ವನಿಗಳು ಕೇಳಿಸತೊಡಗುತ್ತವೆ. ಇದಕ್ಕೆ ಕಾರಣ ಭೂಮಿಯ ವಾತಾವರಣದ ಮೇಲ್ಭಾಗದಲ್ಲಿರುವ ಅಯಾನುಗೋಳ. ಸೂರ್ಯನ ಕಿರಣಗಳಿಂದ ವಿದ್ಯುದಂಶ ಪಡೆದ ಈ ಪದರಗಳು ಗಿಡ್ಡಲೆಗಳನ್ನು ಬಾಗಿಸಿ ಭೂಮಿಗೆ ಮರಳಿಸುತ್ತವೆ. ಹಗಲಿನಲ್ಲಿ ಇದರ ಕೆಳಗಿನ ಪದರವು 7 ಮೆಗಾಹರ್ಟ್ಸ್‌ನಂಥ ಕಡಿಮೆ ಆವೃತ್ತಿಯ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ದೂರದ ಬಾಗಿಲು ತೆರೆಯುತ್ತದೆ. ಪುಸ್ತಕದಲ್ಲಿ ಓದಿದ ಅಯಾನುಗೋಳವನ್ನು ಹೊಸ ಹ್ಯಾಮ್ ತನ್ನ ಕಿವಿಯಿಂದಲೇ ಕಾಣುತ್ತಾನೆ.

ಇನ್ನು ಯಂತ್ರದ ಮಾತು. ಆರಂಭಕ್ಕೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಸುಮಾರು 5 ವಾಟ್ ಸಾಮರ್ಥ್ಯದ ಕೈರೇಡಿಯೋ ಒಂದಿದ್ದರೂ ಸಾಕು. ಇದು 144ರಿಂದ 146 ಮೆಗಾಹರ್ಟ್ಸ್ ಆವೃತ್ತಿಗಳಲ್ಲಿ ಕೆಲಸ ಮಾಡುತ್ತದೆ. ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಬೆಟ್ಟಗಳೂ ಕಟ್ಟಡಗಳೂ ಅವುಗಳಿಗೆ ಅಡ್ಡವಾಗುತ್ತವೆ. ಅದಕ್ಕಾಗಿಯೇ ಎತ್ತರದ ಸ್ಥಳಗಳಲ್ಲಿ ‘ರಿಪೀಟರ್’ ಎಂಬ ಮರುಪ್ರಸಾರ ಯಂತ್ರಗಳನ್ನು ಸ್ಥಾಪಿಸಿರುತ್ತಾರೆ. ಅದು ಒಂದು ಆವೃತ್ತಿಯಲ್ಲಿ ಬಂದ ಧ್ವನಿಯನ್ನು ಹಿಡಿದು ಆ ಕ್ಷಣವೇ ಇನ್ನೊಂದು ಆವೃತ್ತಿಯಲ್ಲಿ ಬಿತ್ತರಿಸುತ್ತದೆ. ಆಗ ತಗ್ಗಿನಲ್ಲಿ ನಿಂತವನ ಕ್ಷೀಣ ಧ್ವನಿಯೂ ಊರಿನ ಆಚೆಗೆ ಮುಟ್ಟುತ್ತದೆ.

ಹೊರನಾಡುಗಳನ್ನು ಮುಟ್ಟಬಯಸುವವನಿಗೆ ಬೇರೊಂದು ಯಂತ್ರವೂ ಒಳ್ಳೆಯ ಆಂಟೆನಾವೂ ಬೇಕು. ಆಂಟೆನಾವನ್ನು ಕೊಳ್ಳಬೇಕಾಗಿಲ್ಲ; ತಾಮ್ರದ ತಂತಿಯಿಂದ ಕೈಯಾರೆ ಮಾಡಿಕೊಳ್ಳಬಹುದು. ಅಲೆಯ ಉದ್ದದ ಸುಮಾರು ಅರ್ಧದಷ್ಟು ತಂತಿಯನ್ನು ನಡುವೆ ಕತ್ತರಿಸಿ, ಎರಡು ತುಂಡುಗಳ ನಡುವಿನಿಂದ ಯಂತ್ರಕ್ಕೆ ಕೇಬಲ್ ಜೋಡಿಸಿದರೆ ‘ಡೈಪೋಲ್’ ಎಂಬ ಆಂಟೆನಾ ಸಿದ್ಧವಾಗುತ್ತದೆ. ಇದರ ಲೆಕ್ಕವೂ ಸರಳ. 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತಂತಿಯ ಉದ್ದ ಮೀಟರುಗಳಲ್ಲಿ ದೊರೆಯುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, ಎಂದರೆ ಒಂದೊಂದು ಕಡೆಗೆ 10 ಮೀಟರ್. ಎರಡು ತೆಂಗಿನ ಮರಗಳ ನಡುವೆ ಇದನ್ನು ಕಟ್ಟಬಹುದು. ಆದರೆ ವಿದ್ಯುತ್ ತಂತಿಗಳ ಸಮೀಪ ಇದನ್ನು ಎಂದಿಗೂ ಕಟ್ಟಬಾರದು. ಗುಡುಗು ಮಿಂಚು ತೋರುವ ಮುನ್ನವೇ ಕೇಬಲನ್ನು ಯಂತ್ರದಿಂದ ಬೇರ್ಪಡಿಸಬೇಕು. ತಂತಿಯ ಅಳತೆ ಸರಿಯಿಲ್ಲದಿದ್ದರೆ ಕಳುಹಿಸಿದ ಶಕ್ತಿಯಲ್ಲಿ ಒಂದು ಭಾಗ ಯಂತ್ರಕ್ಕೇ ಹಿಂದಿರುಗುತ್ತದೆ. ಅದನ್ನು ಅಳೆಯುವ ಮಾಪಕವನ್ನು ಹಿರಿಯರಿಂದಲೋ ಸಂಘದಿಂದಲೋ ಎರವಲು ಪಡೆಯಬಹುದು. ಏಣಿಯನ್ನು ಹಿಡಿದುಕೊಳ್ಳಲು, ಅಳತೆಯನ್ನು ಪರೀಕ್ಷಿಸಲು ಹಿರಿಯರೊಬ್ಬರು ಒಂದು ಭಾನುವಾರ ಬಂದರೆ ಅದು ಹತ್ತು ಪುಸ್ತಕಗಳಿಗೆ ಸಮಾನವಾದ ಉಪಕಾರ.

ಆ ಬಳಿಕ ಬರುವುದು ಮೊದಲ ಕರೆಯ ಗಳಿಗೆ. ಹೊಸಬನು ಮೊದಲು ಆವೃತ್ತಿ ಬರಿದಾಗಿದೆಯೇ ಎಂದು ಆಲಿಸುತ್ತಾನೆ. ಯಾರಾದರೂ ಅದನ್ನು ಬಳಸುತ್ತಿರುವರೇ ಎಂದು ಕೇಳುತ್ತಾನೆ. ಉತ್ತರ ಬಾರದಿದ್ದರೆ ‘ಸಿಕ್ಯೂ, ಸಿಕ್ಯೂ’ ಎಂದು ಕೂಗಿ ತನ್ನ ಕರೆಸಂಕೇತವನ್ನು ಹೇಳುತ್ತಾನೆ. ‘ಯಾರಾದರೂ ಇದ್ದರೆ ಓಗೊಡಿ’ ಎಂಬುದು ಅದರ ಅರ್ಥ. ಇಂಗ್ಲಿಷಿನ ಬಿ, ಡಿ, ಪಿ ಅಕ್ಷರಗಳು ಕಿವಿಗೆ ಒಂದೇ ರೀತಿ ಕೇಳಿಸುವುದರಿಂದ ಅವನ್ನು ಬ್ರಾವೋ, ಡೆಲ್ಟಾ, ಪಾಪಾ ಎಂದು ಬಿಡಿಸಿ ಹೇಳುತ್ತಾರೆ. ಕರೆದ ಮೇಲೆ ಗುಂಡಿಯನ್ನು ಬಿಟ್ಟು ಕಾಯಬೇಕು. ಕೆಲವು ಕ್ಷಣಗಳ ಮೌನ, ಬರಿಯ ಸರಸರ ಸದ್ದು. ಹಠಾತ್ತನೆ ಅಪರಿಚಿತ ಧ್ವನಿಯೊಂದು ಅವನ ಸಂಕೇತವನ್ನೇ ಅವನಿಗೆ ಮರಳಿಸುತ್ತದೆ. ಆ ಕ್ಷಣದ ಪುಲಕವನ್ನು ಯಾವ ಹ್ಯಾಮ್ ಕೂಡ ಮರೆಯುವುದಿಲ್ಲ.

ನಾಲಗೆ ತಡವರಿಸಿದರೆ ಚಿಂತೆಯಿಲ್ಲ. ಮೊದಲ ಸಂಭಾಷಣೆಗೆ ಹೆಚ್ಚು ಮಾತುಗಳು ಬೇಕಿಲ್ಲ. ಹೆಸರು, ಊರು, ಬಂದ ಧ್ವನಿಯ ಗುಣಮಟ್ಟ, ಇಷ್ಟನ್ನು ಹೇಳಿದರೆ ಸಾಕು. ಸ್ಪಷ್ಟತೆಗೆ 1ರಿಂದ 5, ಬಲಕ್ಕೆ 1ರಿಂದ 9 ಎಂದು ಅಂಕಗಳನ್ನು ಕೊಡುವುದು ವಾಡಿಕೆ. ‘ಫೈವ್ ನೈನ್’ ಎಂದರೆ ಧ್ವನಿಯು ಅತ್ಯಂತ ಸ್ಪಷ್ಟ, ಅತ್ಯಂತ ಪ್ರಬಲ ಎಂದರ್ಥ. ಬೀಳ್ಕೊಳ್ಳುವಾಗ ‘ಸೆವೆಂಟಿ ತ್ರೀ’ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ತಂತಿ ಕಚೇರಿಗಳಿಂದ ಬಂದ ಈ ಅಂಕೆಯು ಶುಭಾಶಯವನ್ನು ಸೂಚಿಸುತ್ತದೆ. ಕನ್ನಡಿಗ ಹವ್ಯಾಸಿಗಳು ತಮ್ಮತಮ್ಮಲ್ಲಿ ಕನ್ನಡದಲ್ಲಿಯೂ ಮಾತನಾಡಿಕೊಳ್ಳುತ್ತಾರೆ. ಹಾಡುತ್ತ ಹಾಡುತ್ತ ರಾಗವಲ್ಲವೆ? ಹತ್ತು ಸಂಭಾಷಣೆಗಳು ಮುಗಿಯುವಷ್ಟರಲ್ಲಿ ಸಂಕೋಚವೂ ಮುಗಿದಿರುತ್ತದೆ.

ಪ್ರತಿಯೊಂದು ಸಂಪರ್ಕವನ್ನೂ ದಾಖಲೆಪುಸ್ತಕದಲ್ಲಿ ಬರೆದಿಡಬೇಕು. ದಿನಾಂಕ, ವೇಳೆ, ಆವೃತ್ತಿ, ಎದುರಿನವರ ಕರೆಸಂಕೇತ ಇವು ಅದರಲ್ಲಿ ಇರುತ್ತವೆ. ಜಗತ್ತಿನ ಹವ್ಯಾಸಿಗಳೆಲ್ಲರೂ ಒಂದೇ ವೇಳೆಯನ್ನು ಅನುಸರಿಸುತ್ತಾರೆ. ಅದು ಭಾರತದ ವೇಳೆಗಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 8 ಗಂಟೆಯಾದರೆ ದಾಖಲೆಯಲ್ಲಿ 14.30 ಎಂದು ಬರೆಯಬೇಕು. ಸಂಪರ್ಕದ ನೆನಪಿಗಾಗಿ ‘ಕ್ಯೂಎಸ್ಎಲ್’ ಎಂಬ ಚಿತ್ರಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸುವ ಪದ್ಧತಿಯೂ ಇದೆ. ಈ ಲೋಕದಲ್ಲಿ ಮೇಲು ಕೀಳು ಎಂಬುದಿಲ್ಲ. ಜೋರ್ಡಾನ್ ದೇಶದ ದೊರೆಯಾಗಿದ್ದ ಹುಸೇನರೂ ಭಾರತದ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್‌ಗಳಾಗಿದ್ದರು. ದೊರೆಗೂ ಶಾಲೆಯ ಬಾಲಕನಿಗೂ ಅಲೆಗಳ ಮೇಲೆ ಇರುವುದು ಒಂದೊಂದು ಕರೆಸಂಕೇತ ಮಾತ್ರ.

ಮಾತುಕತೆ ಕೈಗೂಡಿದ ಮೇಲೆ ಹವ್ಯಾಸದ ಕೊಂಬೆಗಳು ಒಂದೊಂದಾಗಿ ಗೋಚರಿಸುತ್ತವೆ. ಕೆಲವರು ಮೋರ್ಸ್ ಸಂಕೇತದ ಚುಕ್ಕೆಗೀಟುಗಳಲ್ಲಿ ನುರಿಯುತ್ತಾರೆ. ಕೆಲವರು ‘ನರಿಬೇಟೆ’ ಆಡುತ್ತಾರೆ. ಬಚ್ಚಿಟ್ಟ ಪುಟ್ಟ ಪ್ರೇಷಕವನ್ನು ಅದರ ಅಲೆಗಳ ಜಾಡು ಹಿಡಿದು ಹುಡುಕುವುದು ಈ ಆಟ. ಇನ್ನು ಕೆಲವರು ಆಕಾಶದತ್ತ ನೋಡುತ್ತಾರೆ. 2005ರ ಮೇ 5ರಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಶ್ರೀಹರಿಕೋಟಾದಿಂದ ‘ಹ್ಯಾಮ್‌ಸ್ಯಾಟ್’ ಎಂಬ ಉಪಗ್ರಹವನ್ನು ಹವ್ಯಾಸಿಗಳಿಗಾಗಿಯೇ ಹಾರಿಸಿತು. ಅದರ ತೂಕ 42.5 ಕಿಲೋಗ್ರಾಂ. ಅದರಲ್ಲಿದ್ದ ಎರಡು ಮರುಪ್ರಸಾರ ಯಂತ್ರಗಳಲ್ಲಿ ಒಂದು ಭಾರತದಲ್ಲಿ ತಯಾರಾದುದು. ಇನ್ನೊಂದನ್ನು ನೆದರ್ಲೆಂಡ್ಸ್ ದೇಶದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ನಿರ್ಮಿಸಿದ್ದನು. ಅದು 2014ರವರೆಗೆ ಹವ್ಯಾಸಿಗಳ ಸೇವೆ ಮಾಡಿತು. 2025ರ ಜುಲೈ ತಿಂಗಳಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಭಾರತದ ವಿದ್ಯಾರ್ಥಿಗಳೊಡನೆ ಹ್ಯಾಮ್ ರೇಡಿಯೋ ಮೂಲಕವೇ ಮಾತನಾಡಿದರು.

ಈ ವಿನೋದಗಳ ನಡುವೆ ನಡೆಯುವ ಒಂದು ಶಿಸ್ತಿನ ಕೂಟವನ್ನು ಮರೆಯುವಂತಿಲ್ಲ. ಹವ್ಯಾಸಿಗಳು ಗೊತ್ತಾದ ವೇಳೆಗೆ ಗೊತ್ತಾದ ಆವೃತ್ತಿಯಲ್ಲಿ ಸೇರುತ್ತಾರೆ. ಇದಕ್ಕೆ ‘ನೆಟ್’ ಎಂದು ಹೆಸರು. ಒಬ್ಬರು ಅದನ್ನು ನಿರ್ವಹಿಸುತ್ತಾರೆ. ಉಳಿದವರು ತಮ್ಮ ಸರದಿಗಾಗಿ ಕಾಯುತ್ತಾರೆ. ಸಂದೇಶವನ್ನು ಬರೆದುಕೊಂಡವರು ಅದನ್ನು ಮತ್ತೆ ಓದಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ‘ಫಿಫ್ಟೀನ್’ ಎಂದರೆ ಎದುರಿನವರಿಗೆ ‘ಫಿಫ್ಟಿ’ ಎಂದು ಕೇಳಿಸಬಹುದು. ಆದುದರಿಂದ ‘ಒನ್ ಫೈವ್’ ಎಂದು ಒಂದೊಂದೇ ಅಂಕೆಯನ್ನು ನುಡಿಯುವುದು ರೂಢಿ. ಸಾಮಾನ್ಯ ದಿನದಲ್ಲಿ ಇದು ಅತಿಯಾದ ಎಚ್ಚರಿಕೆಯಂತೆ ತೋರಬಹುದು. ಆದರೆ ಆ ಸಂಖ್ಯೆಯು ಗಾಯಗೊಂಡವರದೋ ಔಷಧದ ಶೀಷೆಗಳದೋ ಆದ ದಿನ ಅದರ ಬೆಲೆ ತಿಳಿಯುತ್ತದೆ.

ಅಂಥ ದಿನಗಳು ಬಂದಿವೆ. 1999ರ ಅಕ್ಟೋಬರಿನಲ್ಲಿ ಒಡಿಶಾ ತೀರವನ್ನು ಚಂಡಮಾರುತ ಧ್ವಂಸಗೊಳಿಸಿದಾಗ, 2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರದೇಶ ಭೂಕಂಪದಿಂದ ನೆಲಸಮವಾದಾಗ ಹವ್ಯಾಸಿಗಳು ತಮ್ಮ ಯಂತ್ರಗಳೊಡನೆ ಧಾವಿಸಿದರು. ಕಂಬಗಳು ಉರುಳಿದ ಕಡೆಯಲ್ಲಿ ಒಂದು ಬ್ಯಾಟರಿ, ಒಂದು ತಂತಿ, ಪಳಗಿದ ಒಬ್ಬ ವ್ಯಕ್ತಿ ಇದ್ದರೆ ಸಂಪರ್ಕ ಮತ್ತೆ ಉಸಿರಾಡುತ್ತದೆ. ಬ್ಯಾಟರಿಯನ್ನೂ ತಂತಿಯನ್ನೂ ಒಂದು ದಿನದಲ್ಲಿ ತರಿಸಬಹುದು. ಪಳಗಿದ ವ್ಯಕ್ತಿಯನ್ನು ಒಂದು ದಿನದಲ್ಲಿ ತಯಾರಿಸಲಾಗದು.

ಆದುದರಿಂದ ಹೊಸಬನ ಮೊದಲ ಕರೆಯು ಅವನೊಬ್ಬನ ವಿಷಯವಲ್ಲ. ತೊದಲುವ ಕರೆಯೊಂದು ಕೇಳಿಬಂದಾಗ ಹಿರಿಯ ಹವ್ಯಾಸಿಯು ತನ್ನ ಕೆಲಸವನ್ನು ಬದಿಗಿಟ್ಟು ಓಗೊಟ್ಟರೆ, ತಪ್ಪನ್ನು ನಕ್ಕು ಹೀಯಾಳಿಸದೆ ಮೆಲ್ಲನೆ ತಿದ್ದಿದರೆ, ಆ ಧ್ವನಿ ಮರುದಿನವೂ ಕೇಳಿಸುತ್ತದೆ. ಉತ್ತರ ದೊರೆಯದಿದ್ದರೆ ಅದು ಶಾಶ್ವತವಾಗಿ ಮೌನವಾಗಬಹುದು. ವಿಪತ್ತಿನ ದಿನ ಒದಗಬೇಕಾಗಿದ್ದ ಒಂದು ಧ್ವನಿ ಅದರೊಡನೆ ಇಲ್ಲವಾಗಬಹುದು. ಇಂದು ಓಗೊಡಿಸಿಕೊಂಡ ಕಿರಿಯನೇ ನಾಳೆ ಇನ್ನೊಬ್ಬನಿಗೆ ಓಗೊಡುವ ಹಿರಿಯನಾಗುತ್ತಾನೆ. ದೀಪದಿಂದ ದೀಪ ಹೊತ್ತುವಂತೆ ಈ ವಿದ್ಯೆಯು ಒಂದು ಧ್ವನಿಯಿಂದ ಇನ್ನೊಂದು ಧ್ವನಿಗೆ ಸಾಗಿಬಂದಿದೆ. ಈ ರಾತ್ರಿಯೂ ಎಲ್ಲಿಯೋ ಒಂದು ಕೋಣೆಯಲ್ಲಿ ಹೊಸಬನೊಬ್ಬನು ಗುಂಡಿಯ ಮೇಲೆ ಬೆರಳಿಟ್ಟು ಕುಳಿತಿರುತ್ತಾನೆ. ಅವನಿಗೆ ಬೇಕಾಗಿರುವುದು ಕೊಂಚ ಧೈರ್ಯ, ಮತ್ತು ಆಚೆಯ ದಡದಲ್ಲಿ ಆಲಿಸುತ್ತಿರುವ ಒಂದು ಕಿವಿ.